ಉಪಾಯ ಫಲಿಸಿದ ದಿನ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೇ ಕೆಲಸಗಾರರು. ಇಸ್ತ್ರಿ ಮೇಜಿನ ಮುಂದೆ ಅವನು. ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ, ಹರಿದದ್ದು ಬಿಚ್ಚಿದ್ದು ಸರಿಮಾಡುವ ಅವಳು. ಹೆಂಗಸರ ಮುಂದೆ ಅವನ ನಾಲಿಗೆಗೆ ಬೀಗ. ಮೂವತ್ತೈದು ದಾಟಿದರೂ ಮದುವೆಯಾಗದ ತಮ್ಮನನ್ನು ಅಕ್ಕ ‘ಮೌನಿಬಾಬಾ’ ಎಂದು ರೇಗಿಸುತ್ತಿದ್ದಳು.

ಹೊಲಿಗೆಯವಳು ನಕ್ಕರೆ ಹೊರಗಿನ ಗಿರಾಕಿಗಳೂ ತಿರುಗಿ ನೋಡಬೇಕು. ಆ ನಗುವಿಗೇ ಅವನು ಸೋತಿದ್ದ. ಹೇಳಿಕೊಳ್ಳುವ ಧೈರ್ಯವಿಲ್ಲದೆ, ಹುಡುಗಿಯರನ್ನು ಒಲಿಸಿಕೊಳ್ಳಲು ಕಲಿಸುವ ಗುರುವೊಬ್ಬನ ವಿಡಿಯೋಗಳ ಮೊರೆಹೋದ.

“ಅವಳು ಯಾವುದರ ಬಗ್ಗೆ ನಿಶ್ಚಿಂತೆಯಾಗಿರ್ತಾಳೋ ಅದರಲ್ಲೇ ಒಂದು ಕೊಂಕು ತೆಗಿ. ಆಮೇಲೆ ಮಾತು ನಿಲ್ಸು. ತಾನಾಗೇ ಬರ್ತಾಳೆ,” ಎಂದಿದ್ದ ಗುರು.

ಒಂದು ಮಧ್ಯಾಹ್ನ ಅವಳು ನಗುತ್ತಿದ್ದಾಗ, ಅಂಗಿಯ ಕಾಲರಿನಿಂದ ತಲೆ ಎತ್ತದೆ ಹೇಳಿದ: “ನೀವು ನಕ್ಕಾಗ ವಸಡೆಲ್ಲಾ ಕಾಣುತ್ತೆ, ಗೊತ್ತಾ?”

ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವನು ಹೂಂ, ಉಹೂಂಗಳಲ್ಲೇ ದಿನ ದೂಡಿದ.

ಗುರುವಿನ ಮಾತು ಹುಸಿಯಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳೇ ಚಹಾ ತಂದಿಟ್ಟು, “ನನ್ನ ಮೇಲೆ ಬೇಜಾರಾ? ಏನಾದ್ರೂ ತಪ್ಪು ಮಾಡಿದ್ನಾ?” ಎಂದಳು. ಅವನಿಗೆ ಸ್ವರ್ಗ ಮೂರೇ ಗೇಣು. ಸಂಜೆ ಜೊತೆಗೆ ಬರುತ್ತೀರಾ ಎಂದು ಕೇಳಲು ಬಾಯಿ ತೆರೆದ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮಾಲೀಕರು ಏನೋ ತಮಾಷೆ ಮಾಡಿದರು. ಅವಳಿಗೆ ನಗು ಬಂತು. ಬಂದೊಡನೆ ಅಂಗೈ ಬಾಯಿಗೆ ಹೋಯಿತು. ಸದ್ದಿಲ್ಲ. ಭುಜಗಳಷ್ಟೇ ಅಲುಗಿದವು. ನಕ್ಕು ಮುಗಿಸಿ, ಅವನು ನೋಡಿಬಿಟ್ಟನೇನೋ ಎಂದು ಅಂಜುತ್ತ ಇತ್ತ ಕಣ್ಣು ಹಾಯಿಸಿದಳು.

ಅವನ ಕೈ ಇಸ್ತ್ರಿಯ ಮೇಲೇ ನಿಂತುಬಿಟ್ಟಿತು. ಉಪಾಯ ಫಲಿಸದೇ ಹೋದರೆ ಎಂದು ಹೆದರಿದ್ದನೇ ಹೊರತು, ಫಲಿಸಿದರೆ ಹೀಗಿರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಂಗಿ ಸೀದ ವಾಸನೆ ಬಂದಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತಿದ. ತೊದಲುತ್ತ ಎಲ್ಲವನ್ನೂ ಹೇಳಿಬಿಟ್ಟ.

“ಅಂದ್ರೆ… ಬೇಕೂಂತ ಹೇಳಿದ್ರಾ?” ಅವಳ ಮುಖ ಬಿಳಿಚಿಕೊಂಡಿತು. “ಕನ್ನಡಿ ಮುಂದೆ ನಿಂತು ಬಾಯಿ ಮುಚ್ಕೊಂಡು ನಗೋದು ಕಲೀತಿದ್ದೆ ನಾನು. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂತ ಅಮ್ಮನ ಜೊತೆ ಜಗಳ ಆಡ್ದೆ.”

“ನಿಮ್ಮ ನಗು ನಂಗೆ ತುಂಬಾ ಇಷ್ಟ ಆಗಿತ್ತು…”

“ಅದನ್ನೇ ಹೇಳಬಹುದಿತ್ತಲ್ರೀ!”

ಅಷ್ಟು ಸಣ್ಣ ಮಾತು ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವನು ದಂಗಾಗಿ ನಿಂತ.

ಮರುದಿನ ಅವಳು ಮಾಲೀಕರಿಗೆ ಹೇಳಿ ಯಂತ್ರವನ್ನು ಮುಂದಿನ ಕೋಣೆಗೆ ಹಾಕಿಸಿಕೊಂಡಳು. ಅವನೂ ಒಂದು ಕಡೆ ಹಿಡಿದು ಸಾಗಿಸಿದ. ಅವಳು ಅವನತ್ತ ನೋಡಲಿಲ್ಲ. ಆಮೇಲೆ ಕೆಲಸಕ್ಕೆ ಬೇಕಾದಷ್ಟೇ ಮಾತು.

“ಆ ಹೊಲಿಗೆ ಹುಡುಗಿ ಮನೇಲಿ ವಿಚಾರಿಸ್ಲೇನೋ?” ಎಂದು ಅಕ್ಕ ಒಮ್ಮೆ ಕೇಳಿದಳು.

“ಬೇಡಕ್ಕಾ, ನಾನೇ ಕೆಡಿಸ್ಕೊಂಡೆ,” ಎಂದ.