ಅಪ್ಪನ ಗಾಡಿಯ ಹಿಂದಿನ ಬ್ರೇಕ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಭಾನುವಾರವೋ ಎರಡನೇ ಶನಿವಾರವೋ ನೆನಪಿಲ್ಲ. ಅಪ್ಪ ಚಪ್ಪಲಿ ಹಾಕಿದ್ದರೋ ಬರಿಗಾಲಿನಲ್ಲಿದ್ದರೋ, ಅದೂ ಒಮ್ಮೊಮ್ಮೆ ಒಂದೊಂದು ಥರ ಕಾಣುತ್ತದೆ. ಚಿಕ್ಕಲಸಂದ್ರದ ನಮ್ಮ ಮನೆಯ ಗೇಟಿನೊಳಗೆ, ಕಾರಿಗೆಂದು ಬಿಟ್ಟು ಕಾರೇ ಬಾರದ ಜಾಗದಲ್ಲಿ, ನಾವಿಬ್ಬರೂ ಅಪ್ಪನ ಹಳೇ ಬೈಕಿನ ಹಿಂದಿನ ಬ್ರೇಕ್ ಬಿಚ್ಚಿದ್ದು ಮಾತ್ರ ಖಂಡಿತ.

ಅದಕ್ಕೆ ಕೆಲವು ದಿನ ಮುಂಚೆ ಅಪ್ಪ ಅಮ್ಮ ಇಬ್ಬರೂ ಬೈಕಿನಿಂದ ಬಿದ್ದಿದ್ದರು. ಕೋಣನಕುಂಟೆಯಲ್ಲಿ ಹಾಸಿಗೆ ಹಿಡಿದಿರುವ ದೊಡ್ಡಮ್ಮನನ್ನು ನೋಡಲು ಅಮ್ಮ ಪ್ರತಿ ಗುರುವಾರ ಅಪ್ಪನ ಹಿಂದೆ ಕೂತು ಹೋಗುತ್ತಾಳೆ. ವಾಪಸು ಬರುವಾಗ ಇಳಿಜಾರಿನಲ್ಲಿ, ಮುಂದೆ ನಿಂತಿದ್ದ ಆಟೋಗೆ ಬೈಕು ಹೋಗಿ ತಗುಲಿತು. ಅಮ್ಮನ ಮೊಣಕೈ ತರಚಿತು, ಅಷ್ಟೇ. ಆಟೋದವನು ಇಳಿದು ಬಂದು, "ಏನ್ ಅಂಕಲ್, ಬ್ರೇಕ್ ಮನೇಲೇ ಬಿಟ್ ಬಂದ್ರಾ?" ಎಂದನಂತೆ. ಅಪ್ಪ ಮನೆಗೆ ಬಂದವರೇ ಬ್ರೇಕ್ ಹಿಡಿಯಲಿಲ್ಲ ಎಂದರು. ಆ ವಿವರಣೆ ಅವರದೋ, ಆಟೋದವನಿಂದ ಸಿಕ್ಕಿದ್ದೋ ಎಂದು ಆಗ ನಾನು ಯೋಚಿಸಲಿಲ್ಲ.

ನಮ್ಮ ಬೀದಿಯ ತುದಿಯಲ್ಲೇ ಮೆಕ್ಯಾನಿಕ್ ಇದ್ದಾನೆ. ಅವನಿಗೆ ಕೊಡೋಣವೆಂದರೆ ಅಪ್ಪ ಒಪ್ಪಲಿಲ್ಲ. ಹಟ ಎಂದುಕೊಂಡೆ. ಅವನು ತಾನೇ ಒಂದು ಸುತ್ತು ಓಡಿಸಿ ನೋಡದೆ ಯಾವ ಗಾಡಿಗೂ ಕೈ ಹಾಕುವುದಿಲ್ಲ; ಅಪ್ಪನಿಗೆ ಬೇಡವಾಗಿದ್ದು ಅದೇ ಇರಬೇಕು ಎಂದು ಈಗ ಅನಿಸುತ್ತದೆ. ಹೊಸ ಬ್ರೇಕ್ ಶೂ ತಂದುಕೊಟ್ಟವಳು ನಾನು.

ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ಕಳಚಿದೆವು. ನಾನು ಸ್ಪ್ಯಾನರನ್ನು ಉಲ್ಟಾ ತಿರುಗಿಸುವುದನ್ನು ನೋಡಿ ಅಪ್ಪ, "ಎಂ.ಎ. ಕ್ಲಾಸಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?" ಎಂದು ನಕ್ಕರು. ಒಳಗಿನ ಕಪ್ಪು ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಲ್ಲಿನಂತೆ ಬಾಗಿದ ಎರಡು ಶೂಗಳನ್ನು ಹೊರತೆಗೆದೆ. ಸವೆದು ಲೋಹವೇ ಕಾಣುತ್ತಿರುತ್ತದೆ ಎಂದುಕೊಂಡಿದ್ದೆ. ಹೊಸದರ ಪಕ್ಕ ಇಟ್ಟು ನೋಡಿದರೆ ದಪ್ಪದಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಬ್ರೇಕ್ ಜಾರುವಂತೆ ಮಾಡುವ ಎಣ್ಣೆಯ ಪಸೆಯೂ ಇರಲಿಲ್ಲ.

"ಇವು ಚೆನ್ನಾಗೇ ಇವೆಯಲ್ಲಪ್ಪ," ಎಂದೆ.

ಅಪ್ಪ ಹಳೆಯವನ್ನು ನನ್ನ ಕೈಯಿಂದ ತೆಗೆದುಕೊಂಡು, ನೋಡದೆಯೇ ಪೇಪರಿನಲ್ಲಿ ಸುತ್ತಿಟ್ಟರು. ತಂದಾಗಿದೆ, ಹೊಸದನ್ನೇ ಹಾಕು ಎಂದರು. ಹಾಕಿದೆ. ಚಕ್ರ ಕೂರಿಸಿ, ಬ್ರೇಕಿನ ಸರಳಿನ ನಟ್ಟು ಬಿಗಿ ಮಾಡಿದೆ.

ಪರೀಕ್ಷೆಗೆಂದು ಅಪ್ಪ ಬೈಕಿನ ಮೇಲೆ ಕೂತರು. ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನು ಕೈಯಿಂದ ತಿರುಗಿಸಿ, ಒತ್ತಿ ಎಂದೆ. ಚಕ್ರ ಸುತ್ತುತ್ತಲೇ ಇತ್ತು. ನಟ್ಟು ಇನ್ನಷ್ಟು ಬಿಗಿ ಮಾಡಿ ಮತ್ತೆ ತಿರುಗಿಸಿದೆ.

"ಒತ್ತಿ ಅಪ್ಪ."

"ಒತ್ತಿದೀನಲ್ಲ."

ತಲೆ ಎತ್ತಿ ನೋಡಿದೆ. ಅವರ ಬಲಗಾಲು ಫುಟ್‌ರೆಸ್ಟಿನ ರಬ್ಬರನ್ನು ಬಲವಾಗಿ ಒತ್ತುತ್ತಿತ್ತು. ಬ್ರೇಕ್ ಪೆಡಲ್ ಅದರ ಮುಂದೆ ಸುಮ್ಮನೆ ಇತ್ತು. ಅಪ್ಪ ಗೇಟಿನ ಕಡೆ ನೋಡುತ್ತಿದ್ದರು, ಮುಖದಲ್ಲಿ ಯಾವ ಅನುಮಾನವೂ ಇಲ್ಲ. ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷಗಳಿಂದ ಇದೆ. ಪಾದ ಜೋಮು ಹಿಡಿಯುತ್ತದೆ ಎನ್ನುತ್ತಿದ್ದರು. ಸ್ಪರ್ಶವೇ ಹೋಗಿದೆ ಎಂದು ಯಾವತ್ತೂ ಹೇಳಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು: "ರೀ, ಸ್ವಲ್ಪ ಮುಂದೆ."

ಮೆಲ್ಲಗೆ, ಊಟಕ್ಕೆ ಕೂತವರಿಗೆ ಉಪ್ಪು ಇಲ್ಲಿದೆ ಎನ್ನುವ ಹಾಗೆ. ಅಪ್ಪನ ಕಾಲು ಮುಂದೆ ಸರಿದು ಪೆಡಲನ್ನು ಹುಡುಕಿಕೊಂಡಿತು. ಚಕ್ರ ತಟ್ಟನೆ ನಿಂತಿತು.

"ನೋಡಿದ್ಯಾ, ಹೇಗ್ ಹಿಡೀತು," ಎಂದರು ಅಪ್ಪ.

ಅಮ್ಮನ ಆ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡೆನೇ ಎಂದು ಎಷ್ಟೋ ಸಲ ಅನುಮಾನ ಬಂದಿದೆ. ಬೇಕಾದ್ದನ್ನು ಸೇರಿಸಿಕೊಳ್ಳುವುದು ನನ್ನ ನೆನಪಿನ ಅಭ್ಯಾಸ. ಆದರೆ ಇದು ನನಗೆ ಬೇಕಾದ ಮಾತಲ್ಲ.

ಡಾಕ್ಟರಿಗೆ ಪಾದ ತೋರಿಸೋಣ, ಅಲ್ಲಿಯವರೆಗೆ ಗಾಡಿ ಬೇಡ ಎಂದು ಅಪ್ಪನನ್ನು ಬೇಡಿಕೊಂಡೆ. ಹೊಸ ಬ್ರೇಕ್ ಇದೆಯಲ್ಲ, ನೀನೇ ಹಾಕಿದ್ದು ಎಂದರು. ನಾನು ಮಾಡಿದ ರಿಪೇರಿಯನ್ನೇ ನನ್ನ ಮುಂದಿಟ್ಟಿದ್ದರು.

ಮುಂದಿನ ಗುರುವಾರ ಅಮ್ಮನಿಗೆಂದು ಆಟೋ ಬುಕ್ ಮಾಡಿದೆ. ಅದು ಗೇಟಿನ ಹತ್ತಿರ ಬಂದು ನಿಂತರೂ ಅವಳು ಹತ್ತಲಿಲ್ಲ.

"ನಾನು ಆಟೋಲಿ ಹೋದ್ರೆ, ಅವರು ಒಬ್ರೇ ಗಾಡಿ ತಗೊಂಡ್ ಹಿಂದೆ ಬರ್ತಾರೆ ಕಣೆ," ಎಂದಳು.

ಅಪ್ಪ ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದರು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ಅಮ್ಮನ ಹತ್ತಿರ ಹೋಗಿ, ಅಪ್ಪನಿಗೆ ಕೇಳಿಸದಂತೆ ಒಂದು ಮಾತು ಕೇಳಿದೆ. ಅವಳು ಅಪ್ಪನ ಭುಜ ಹಿಡಿದು ಹತ್ತಿ ಕೂತಳು. ಆಮೇಲೆ ಎಷ್ಟೋ ಗುರುವಾರಗಳು ಕಳೆದಿವೆ, ಅಂದು ಕೇಳಿದ ಈ ಮಾತಿಗೆ ಇನ್ನೂ ಉತ್ತರ ಬಂದಿಲ್ಲ:

"ಅಮ್ಮ, ನೀವಿಬ್ರೂ ಬಿದ್ರಲ್ಲ ಅವತ್ತು, ನೀನು 'ಸ್ವಲ್ಪ ಮುಂದೆ' ಅಂತ ಹೇಳೋದು ಮರ್ತಿದ್ಯಾ, ಇಲ್ಲಾ ನೀನು ಹೇಳಿದ್ರೂ ಅಪ್ಪನ ಕಾಲು ಸರೀಲಿಲ್ವಾ?"