ಫ್ರಿಜ್ಜಿನಲ್ಲಿಟ್ಟ ಸಮುದ್ರದ ಕೆಸರು

ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆದಾಗ ನಾನು ಕಾರವಾರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನದಿ ಕಡಲನ್ನು ಸೇರುವ ಅಳಿವೆಯ ಕೆಸರಿನಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳಿರುತ್ತವೆ. ಬೆಚ್ಚನೆಯ ನೀರಿಗೆ ಒಗ್ಗಿದ ಅವು ಚಳಿಯನ್ನು ಹೇಗೆ ತಾಳುತ್ತವೆಂದು ನೋಡುವುದು ನನ್ನ ಕೆಲಸ.

"ಹದಿನೈದ ದಿನಾನರ ಬಂದ ಇರು. ನನ್ನ ಕೈಲೆ ಒಬ್ಬಾಕಿಗೆ ಆಗಂಗಿಲ್ಲ," ಎಂದು ಅವ್ವ ಫೋನ್ ಮಾಡಿದಳು. ಅಕ್ಕನ ಬಾಣಂತನಕ್ಕೂ ಇಷ್ಟು ದಣಿದಿರದ ಅವ್ವ, ನಮ್ಮೂರು ತಿಳವಳ್ಳಿಯಿಂದ ಬಂದು ಅಕ್ಕನ ಮನೆಯಲ್ಲೇ ಇದ್ದಳು. ಪ್ರಯೋಗಾಲಯದ ತಂಪುಪೆಟ್ಟಿಗೆ ಆ ವಾರವೇ ಕೆಟ್ಟಿತ್ತು. ಕೆಸರು ತುಂಬಿದ ಐದು ಬಾಟಲಿಗಳನ್ನು ಐಸಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಶಿಗ್ಗಾಂವಿಯಿಂದ ಟಂಟಂ ಆಟೋ ಹತ್ತಿ ಹಿರೇಬೆಂಡಿಗೇರಿಯ ಅಕ್ಕನ ಮನೆ ಸೇರಿದೆ. ಬಾಟಲಿಗಳು ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಕ್ಕ ಕುಳಿತವು.

ಆಮೇಲೆ ದಿನಗಳು ಒಂದೇ ಸಮ ಕಳೆದವು. ಅಕ್ಕನಿಗೆ ಮೈ ಒರೆಸುವುದು, ಗಂಜಿ, ಗುಳಿಗೆ, ಬಟ್ಟೆ. ನಡುವೆ ಫ್ರಿಜ್ಜು ತೆರೆದು ಥರ್ಮಾಮೀಟರ್ ನೋಡಿ ಬರೆದಿಡುವುದು. ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು.

"ಅದರಾಗ ಏನೈತಿ, ಹಂಗ ನೋಡಾಕತ್ತಿ?" ಅಕ್ಕ ಒಂದು ಮಧ್ಯಾಹ್ನ ಕೇಳಿದಳು.

"ಚಳಿಗೆ ಕೊಬ್ಬರಿ ಎಣ್ಣಿ ಗಟ್ಟಿ ಆಗ್ತದ. ಶೇಂಗಾ ಎಣ್ಣಿ ಆಗಂಗಿಲ್ಲ, ಹೌದಿಲ್ಲ? ಇವುಗಳ ಮೈಪೊರಿಯಾಗೂ ಜಿಡ್ಡ ಐತಿ. ಥಂಡಿ ಆದಕೂಡ್ಲೆ ಆ ಜಿಡ್ಡನ್ನ ಶೇಂಗಾ ಎಣ್ಣಿಗತೆ ಮಾಡ್ಕೊಂತಾವ. ಇಲ್ಲಂದ್ರ ಪೊರಿ ಬಿರುಸಾಗಿ ಸತ್ತಹೋಗ್ತಾವ. ಬೆಳೆಯೂದನ್ನೂ ಕಡಿಮಿ ಮಾಡ್ತಾವ."

"ಸುಮ್ಮ ಬಿದ್ದಿರ್ತಾವನ್ನು. ನನ್ನಂಗ." ಅಕ್ಕ ನಗಲು ಹೋಗಿ, ಹೊಲಿಗೆ ನೋವೆದ್ದು ಹೊಟ್ಟೆ ಹಿಡಿದುಕೊಂಡಳು.

ಹತ್ತನೆಯ ದಿನ ಬೆಳಿಗ್ಗೆ ಫ್ರಿಜ್ಜು ತೆರೆದರೆ ಐದೂ ಬಾಟಲಿ ಹೆಪ್ಪುಗಟ್ಟಿದ್ದವು. ಒಂದು ಸೀಳಿಹೋಗಿತ್ತು. ತಂಪಿನ ಗುಂಡಿ ಪೂರ್ತಿ ತಿರುಗಿತ್ತು.

"ಹಾಲು ಕೆಡಬಾರ್ದಂತ ತಿರುವೇನಿ ಯವ್ವಾ," ಅವ್ವ ಸೆರಗು ಹಿಂಡುತ್ತ ನಿಂತಳು. "ನನಗೇನ ಗೊತ್ತು?"

ಗುಂಡಿ ಮುಟ್ಟಬೇಡವೆಂದು ನಾನೇ ಹೇಳಿರಲಿಲ್ಲ. ಅವಳಿಗೂ ನಿದ್ದೆಯಿರಲಿಲ್ಲ. ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟೆ. ಚಳಿ ಬೇರೆ, ಹೆಪ್ಪುಗಟ್ಟುವುದು ಬೇರೆ. ಮಂಜಿನ ಹರಳು ಪೊರೆಯನ್ನೇ ಹರಿಯುತ್ತದೆ. ಒಳಗಿನಿಂದ ಅಕ್ಕ ಕೂಗಿದಳು: "ಒಗೀಬ್ಯಾಡ ತಡಿ. ನೋಡೂಣು."

ಅವಳ ಮಾತಿಗೆ ಎಸೆಯಲಿಲ್ಲ. ಉಳಿದ ನಾಲ್ಕನ್ನು ನಿಧಾನ ಕರಗಿಸಿ, ಅಕ್ಕ ಎದ್ದು ಓಡಾಡುವಂತಾದ ಮೇಲೆ ಕಾರವಾರಕ್ಕೆ ಒಯ್ದು ಬೆಳಕಿನಡಿ ಇಟ್ಟೆ. ಎರಡರಲ್ಲಿ ಏನೂ ಇರಲಿಲ್ಲ. ಇನ್ನೆರಡರಲ್ಲಿ ಕೆಸರಿನ ಮೇಲೆ ಮೂರು ವಾರಕ್ಕೆ ತೆಳುವಾದ ಕಂದು ಪದರ ಎದ್ದಿತು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತಮ್ಮ ಸುತ್ತ ಅಂಟು ಸುರಿಸಿಕೊಂಡು ಉಳಿದ ಕೆಲವು ಪಾಚಿಗಳು, ದೋಣಿಯಂಥ ಮೈ ಹೊತ್ತು ಜಾರುತ್ತ ಸಾಗುತ್ತಿದ್ದವು.

ಆದರೆ ಹೆಪ್ಪುಗಟ್ಟಿದ ಆ ರಾತ್ರಿ ತಾಪಮಾನ ಎಷ್ಟಕ್ಕಿಳಿದಿತ್ತು, ಎಷ್ಟು ಹೊತ್ತು, ಬರೆದಿರಲಿಲ್ಲ. ಹಾಗಾಗಿ ಅದು ಪ್ರಬಂಧಕ್ಕೆ ಬರುವಂತಿರಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಹೇಳಿದೆ.

"ಮತ್ತ ಮೊದಲಿಂದ ಮಾಡಬೇಕೇನು?"

"ಹೂಂ. ನಾಳೆ ಹೋಗಿ ಹೊಸಾ ಕೆಸರ ತರಬೇಕ."

"ಊಟ ಮಾಡಿ ಹೋಗು," ಎಂದಳು.

ಮರುದಿನ ನೀರಿಳಿದ ಹೊತ್ತಿಗೆ ಬೂಟು ಹಾಕಿಕೊಂಡು ಅಳಿವೆಗೆ ಹೋದೆ.