ಏಳನೆಯ ಇನ್ನಿಂಗ್ಸಿನಲ್ಲಿ ಎದ್ದು ನಿಂತವರು

ಓಕ್ಲೆಂಡಿನ ಬೇಸ್‌ಬಾಲ್ ತಂಡ ಆ ವರ್ಷ ನ್ಯೂಯಾರ್ಕಿನ ಕೈಯಲ್ಲಿ ಸೋತದ್ದು ಮಂಡ್ಯದ ಕಡೆಯ ಒಬ್ಬ ಅಜ್ಜಿ ಕುರ್ಚಿಯಿಂದ ಎದ್ದದ್ದಕ್ಕೆ. ಇದನ್ನು ನಾನು ಹೇಳುತ್ತಿಲ್ಲ. ನನ್ನ ಮೂವರು ಸ್ನೇಹಿತರು ಹೇಳುತ್ತಾರೆ. ಅವರಲ್ಲಿ ಇಬ್ಬರು ಚಿಪ್ ವಿನ್ಯಾಸ ಮಾಡುವವರು, ಒಬ್ಬರು ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಹೀಗಾಗಿ ವಿಷಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಷ್ಟೆಲ್ಲ ಓದಿದವರು ಒಂದು ಪ್ರಶ್ನೆಯನ್ನು ಮಾತ್ರ ಇದುವರೆಗೆ ಕೇಳಿಕೊಂಡಿಲ್ಲ. ಅಜ್ಜಿ ಎದ್ದದ್ದು ಯಾಕೆ? ಉತ್ತರ ನನಗೆ ಗೊತ್ತು. ನಾನು ಕಾಫಿ ಕೇಳಿದ್ದೆ.

ಅದು ಸಿಲಿಕಾನ್ ಕಣಿವೆಯಲ್ಲಿ ಎಲ್ಲರೂ ಕಾಗದದ ಮೇಲೆ ಕೋಟ್ಯಧೀಶರಾಗಿದ್ದು, ಆ ಕಾಗದವನ್ನು ಏನು ಮಾಡುವುದೆಂದು ಯೋಚಿಸತೊಡಗಿದ್ದ ಕಾಲ. ನಾನಿದ್ದ ಕಂಪನಿ ಕಿಟಕಿಯ ಪರದೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರಿ ಜಗತ್ತನ್ನು ಬದಲಾಯಿಸಲು ಹೊರಟಿತ್ತು. ಜಗತ್ತಿಗೆ ಪರದೆಯನ್ನು ಮುಟ್ಟಿ ನೋಡಿ ಕೊಳ್ಳುವ ಕೆಟ್ಟ ಅಭ್ಯಾಸವಿದ್ದದ್ದರಿಂದ ನಾವು ಮುಳುಗಿದೆವು. ಕೊನೆಯ ದಿನ ನಮ್ಮನ್ನೆಲ್ಲ ಮೀಟಿಂಗಿಗೆ ಕರೆದು, ಕುಟುಂಬದವರಂತೆ ಇದ್ದೆವು ಎಂದು ಹೇಳಿ, ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದರು. ಸನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದವನು ನಾನು. ವೀಸಾ ಎಷ್ಟು ದಿನ ಉಳಿಯುತ್ತದೋ ತಿಳಿಯದು, ಫೋನು ರಿಂಗಾಗುವುದಿಲ್ಲ, ಅಡುಗೆ ಬರುವುದಿಲ್ಲ. ಆಗ ನನಗೆ ಉಳಿದಿದ್ದ ಒಂದೇ ಒಂದು ಮನೆ ಸರಟೋಗಾದ ನಾಗರಾಜನದು. ಅಲ್ಲಿಗೆ ಹೋದರೆ ಊಟ ಸಿಗುತ್ತಿತ್ತು, ಕನ್ನಡ ಸಿಗುತ್ತಿತ್ತು, ಕೆಲಸ ಸಿಕ್ಕಿತಾ ಎಂದು ಯಾರೂ ಕೇಳುತ್ತಿರಲಿಲ್ಲ. ಇದನ್ನು ನೆನಪಿಡಿ. ನನ್ನ ಹೇಡಿತನಕ್ಕೆ ನಾನು ಕೊಡಬಲ್ಲ ಕಾರಣ ಇದೊಂದೇ.

ನಾಗರಾಜ ಮಂಡ್ಯದವನು. ಅವನ ಮನೆಯ ದೊಡ್ಡ ಟೀವಿಯ ಮುಂದೆ ಸೇರುತ್ತಿದ್ದವರು ನಾವು ನಾಲ್ವರು: ಅವನು, ಉಡುಪಿಯ ಭಟ್ಟರು, ಹಾಸನದ ರಮೇಶ, ಮತ್ತು ನಿರುದ್ಯೋಗಿಯಾದ ನಾನು. ಓಕ್ಲೆಂಡಿನ ತಂಡವೇ ಯಾಕೆ ಎಂದು ಕೇಳಿದರೆ ನಾಗರಾಜ ಗಂಭೀರನಾಗಿ, ಅದು ಬಡವರ ತಂಡ, ನ್ಯೂಯಾರ್ಕಿನದು ಸಾಹುಕಾರರ ತಂಡ, ನಾವು ಬಡವರ ಪರ ಎನ್ನುತ್ತಿದ್ದ. ಸರಟೋಗಾದ ಗುಡ್ಡದ ಮೇಲೆ, ಈಜುಕೊಳದ ಪಕ್ಕದಲ್ಲಿ, ಚರ್ಮದ ಸೋಫಾದಲ್ಲಿ ಕಾಲು ಚಾಚಿಕೊಂಡು ಹೇಳಿದ ಆ ಮಾತು ಕೇಳಿ ನನ್ನ ಕಣ್ಣು ತುಂಬಿ ಬರುತ್ತಿತ್ತು.

ಆಟ ಕಲಿಯುವುದೇನೂ ಕಷ್ಟವಾಗಲಿಲ್ಲ. ಚೆಂಡು ಹೊಡೆದು, ಚೌಕದ ನಾಲ್ಕು ಮೂಲೆಗಳನ್ನೂ ಸುತ್ತಿ, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್ನು. ಅಷ್ಟು ಓಡಿ ಹೊರಟಲ್ಲಿಗೇ ಬಂದು ಸೇರುವುದನ್ನು ಸಾಧನೆ ಎಂದು ಒಪ್ಪಿಕೊಳ್ಳಲು ಸ್ಟಾರ್ಟಪ್ಪುಗಳಲ್ಲಿ ದುಡಿದವರಿಗೆ ಬೇರೆ ತರಬೇತಿ ಬೇಕಾಗಲಿಲ್ಲ.

ನಿಯಮಗಳನ್ನು ಅಮೆರಿಕದಿಂದ ಕಲಿತೆವು, ಆದರೆ ನೋಡುವ ಶಾಸ್ತ್ರವನ್ನು ಊರಿಂದಲೇ ತಂದಿದ್ದೆವು. ಕ್ರಿಕೆಟ್ ಕಾಮೆಂಟರಿಯನ್ನು ರೇಡಿಯೋದಲ್ಲಿ ಕೇಳುತ್ತಿದ್ದ ಕಾಲದಿಂದ ಬಂದ ಶಾಸ್ತ್ರ ಅದು. ನಮ್ಮ ಮನೆಯಲ್ಲಿ ಒಮ್ಮೆ ನಮ್ಮ ಚಿಕ್ಕಪ್ಪ ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಚಪ್ಪಲಿಯ ಬಾರು ಬಿಗಿಯುತ್ತಿದ್ದಾಗ ಬೌಂಡರಿ ಹೋಯಿತು. ಮುಂದಿನ ಎರಡು ಗಂಟೆ ಅವರನ್ನು ಕಾಲು ಇಳಿಸಲು ಬಿಡಲಿಲ್ಲ. ಅವರಿಗೆ ಬ್ಯಾಂಕಿನ ಕೆಲಸವಿತ್ತು, ಬ್ಯಾಂಕು ಮುಚ್ಚಿತು. ಇನ್ನೊಬ್ಬ ನೆಂಟರು ಬಚ್ಚಲಿಗೆ ಹೋದಾಗ ಸಿಕ್ಸರ್ ಬಿತ್ತೆಂದು ಹೊರಗಿನಿಂದ ಚಿಲಕ ಹಾಕಿದ್ದರು. ದೇಶಕ್ಕಾಗಿ ಇಷ್ಟನ್ನೂ ಮಾಡದಿದ್ದರೆ ಹೇಗೆ ಎಂದು ಅವರೇ ಒಳಗಿನಿಂದ ಹೇಳಿದರಂತೆ. ವಿಜ್ಞಾನ ಓದಿದ ಮೇಲೆ ಇದೆಲ್ಲ ಹೋಗುತ್ತದೆ ಎಂದುಕೊಂಡಿದ್ದೆ. ವಿಜ್ಞಾನ ಓದಿದ ಮೇಲೆ ಇದಕ್ಕೆ ಗ್ರಾಫು ಸೇರಿಕೊಂಡಿತು, ಅಷ್ಟೆ.

ಆ ವರ್ಷ ಋತುವಿನ ಕೊನೆಯ ಪಂದ್ಯಾವಳಿಯಲ್ಲಿ ನ್ಯೂಯಾರ್ಕಿನ ಎದುರು ಮೊದಲ ಸುತ್ತು ಐದು ಆಟಗಳದು. ಮೂರು ಗೆದ್ದವರು ಮುಂದಕ್ಕೆ. ನಾಗರಾಜನ ತಾಯಿ ಚಿಕ್ಕತಾಯಮ್ಮ ಆಗಷ್ಟೇ ಆರು ತಿಂಗಳ ಮಟ್ಟಿಗೆ ಊರಿಂದ ಬಂದಿದ್ದರು. ಮೊದಲ ಆಟದ ಸಂಜೆ ಅವರು ಮೂಲೆಯ ಒರಗುಕುರ್ಚಿಯಲ್ಲಿ ಕೂತವರು ಕಣ್ಣು ಮುಚ್ಚಿದರು. ಓಕ್ಲೆಂಡು ಗೆದ್ದಿತು. ಎರಡನೆಯ ಸಂಜೆಯೂ ಹಾಗೇ ಆಯಿತು. ಎರಡು ಬಿಂದುಗಳ ನಡುವೆ ಒಂದು ಗೆರೆ ಎಳೆಯಬಹುದು ಎಂದು ಭಟ್ಟರು ಹೇಳಿದರು. ಅವರು ಸಂಖ್ಯಾಶಾಸ್ತ್ರದವರಾದ್ದರಿಂದ ನಾವು ಗೆರೆ ಎಳೆದೆವು. ಅಮ್ಮ ಮಲಗಿದರೆ ಗೆಲುವು. ನಾಗರಾಜನ ಹತ್ತು ವರ್ಷದ ಮಗಳು ಮಾತ್ರ ಹೋಂವರ್ಕಿನಿಂದ ತಲೆಯೆತ್ತಿ, "ಡ್ಯಾಡ್, ದಟ್ಸ್ ನಾಟ್ ಹೌ ಬೇಸ್‌ಬಾಲ್ ವರ್ಕ್ಸ್" ಅಂದಳು. ಅವಳಿಗೆ ಸಂಸ್ಕೃತಿಯ ಪರಿಚಯ ಸಾಲದು ಎಂದು ತೀರ್ಮಾನವಾಯಿತು.

ಮೂರನೆಯ ಆಟ ಶನಿವಾರ, ಓಕ್ಲೆಂಡಿನಲ್ಲೇ. ಇನ್ನೊಂದೇ ಒಂದು ಗೆಲುವು ಸಾಕು. ಆವತ್ತಿನ ಸಿದ್ಧತೆ ನೋಡಬೇಕಿತ್ತು. ಅಮ್ಮನಿಗೆ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಬಡಿಸಿ, ಮೇಲೆ ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿಸಲಾಗಿತ್ತು. ಕುರ್ಚಿ ಅದೇ ಮೂಲೆಯಲ್ಲಿ, ಶಾಲು ಅದೇ ಶಾಲು. ನಾಗರಾಜ ಮಗುವಿಗೆ ಹೇಳುವ ಹಾಗೆ, "ಅಮ್ಮಾ, ನೀನ್ ಸುಮ್ನೆ ಮಲಕ್ಕೊ, ಏಳ್ಬೇಡ" ಅಂದ. ಆಕೆ ವಿಧೇಯರಾಗಿ ಕಣ್ಣು ಮುಚ್ಚಿದರು. ನಮಗೂ ನಿಯಮಗಳಿದ್ದವು: ಏಳಕೂಡದು, ಕೆಮ್ಮಕೂಡದು, ಫೋನು ಎತ್ತಕೂಡದು.

ನ್ಯೂಯಾರ್ಕು ಒಂದು ರನ್ನು ಮುಂದಿತ್ತು. ಓಕ್ಲೆಂಡಿನದು ಸೊನ್ನೆ. ಆಟ ಏಳನೆಯ ಇನ್ನಿಂಗ್ಸಿಗೆ ಬಂತು. ಅಮೆರಿಕದವರಿಗೆ ಈ ಏಳನೆಯ ಇನ್ನಿಂಗ್ಸಿನ ನಡುವೆ ಒಂದು ಪದ್ಧತಿಯಿದೆ, ಇಡೀ ಮೈದಾನವೇ ಎದ್ದು ನಿಂತು ಮೈಮುರಿದು ಹಾಡು ಹೇಳುತ್ತದೆ. ಆವತ್ತೂ ಹೇಳಿತು. ಸಾವಿರಾರು ಜನ ಟಿಕೆಟ್ಟು ಕೊಂಡವರು ಎದ್ದು ನಿಂತದ್ದರಿಂದ ಆಟಕ್ಕೆ ಏನೂ ಆಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನನ್ನ ಸ್ನೇಹಿತರು ಗಮನಿಸಲಿಲ್ಲ.

ನನ್ನ ವಿಷಯ ಹೇಳುತ್ತೇನೆ. ಆತಂಕವಾದರೆ ನನಗೆ ಕಾಫಿ ಬೇಕು. ಆ ದಿನಗಳಲ್ಲಿ ನನಗೆ ಆತಂಕಕ್ಕೆ ಬರವಿರಲಿಲ್ಲ. ಅಮ್ಮನ ಕುರ್ಚಿ ನನ್ನ ಪಕ್ಕದಲ್ಲೇ ಇತ್ತು. ಉಳಿದ ಮೂವರ ಕಣ್ಣು ಟೀವಿಗೆ ಅಂಟಿತ್ತು. ನಾನು ಬಗ್ಗಿ, ಉಸಿರಲ್ಲೇ, "ಅಮ್ಮ, ಒಂದ್ ಲೋಟ ಕಾಫಿ ಸಿಗುತ್ತಾ?" ಅಂದೆ. ಆಕೆ ಕಣ್ಣು ಬಿಟ್ಟರು. ಆ ಕಡೆ ಬಲಮೂಲೆಗೆ ಒಂದು ಹೊಡೆತ ಬಿತ್ತು. ಮೊದಲ ಮೂಲೆಯಲ್ಲಿದ್ದ ನಮ್ಮ ಓಟಗಾರ ಚೌಕವೆಲ್ಲ ಸುತ್ತಿ ಮನೆಯ ಕಡೆ ಹೊರಟ. ಅವರ ಆಳು ಎಸೆದ ಚೆಂಡು ಹಿಡಿಯಬೇಕಾದ ಇಬ್ಬರ ತಲೆಯ ಮೇಲೂ ಹಾರಿಹೋಯಿತು. ಸಮ ಆಯಿತು ಎಂದು ನಾಗರಾಜ ಬಾಯಿ ತೆರೆದ. ಅಷ್ಟರಲ್ಲಿ, ಆ ಜಾಗದಲ್ಲಿ ಯಾವ ಕೆಲಸವೂ ಇಲ್ಲದ ನ್ಯೂಯಾರ್ಕಿನ ಒಬ್ಬ ಆಟಗಾರ ಎಲ್ಲಿಂದಲೋ ಅಡ್ಡ ಓಡಿ ಬಂದು, ಚೆಂಡನ್ನು ಎತ್ತಿ, ಪಕ್ಕಕ್ಕೆ ಸುಮ್ಮನೆ ಚಿಮ್ಮಿಸಿದ. ನಮ್ಮವನು ನೆಲಕ್ಕೆ ಬಿದ್ದು ಜಾರಿಕೊಂಡು ಬರಬೇಕಾದಲ್ಲಿ ನಿಂತೇ ಬಂದ, ನೆಂಟರ ಮನೆಗೆ ಬರುವವನ ಹಾಗೆ. ಹಿಡಿದವನು ಅವನ ಕಾಲಿಗೆ ಚೆಂಡು ಮುಟ್ಟಿಸಿದ. ಔಟು.

ಮೂವರೂ ಒಟ್ಟಿಗೆ ತಿರುಗಿ ನೋಡಿದರು. ಚಿಕ್ಕತಾಯಮ್ಮ ಎದ್ದು ನಿಂತಿದ್ದರು, ಅಡುಗೆಮನೆಯ ಕಡೆ ಒಂದು ಹೆಜ್ಜೆ ಮುಂದಿಟ್ಟು.

"ಅಮ್ಮಾ, ಯಾಕಮ್ಮ ಎದ್ದೆ?" ಅಂದ ನಾಗರಾಜ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಆಕೆ ನನ್ನ ಕಡೆ ನೋಡಲಿಲ್ಲ. "ಹಂಗೇ ಎದ್ದೆ ಕಣಪ್ಪ" ಅಂದರು. ಆಗ ನಾನು ಬಾಯಿ ಬಿಡಬೇಕಿತ್ತು. ನಾನು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದೆ. ಇದ್ದ ಒಂದು ಮನೆಯನ್ನೂ ಒಂದು ಲೋಟ ಕಾಫಿಗಾಗಿ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಆ ಆಟ ಸೋತೆವು, ಮುಂದಿನ ಎರಡನ್ನೂ ಸೋತೆವು. ನ್ಯೂಯಾರ್ಕಿನವರು ಮುಂದೆ ಹೋದರು.

ಅಭಿಮಾನಿಗಳ ನೆನಪು ಎಂಬುದು ವಿಚಿತ್ರವಾದ ವಸ್ತು. ಆವತ್ತು ಹಾಲಿನಲ್ಲಿದ್ದವರು ನಾವಿಷ್ಟೇ ಜನ. ಮರುವರ್ಷ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ಎಣಿಸಿದರೆ, ನಾಗರಾಜನ ಸೋಫಾದ ಮೇಲೆ ಇಪ್ಪತ್ತು ಜನ ಕೂತಿದ್ದರು. ಆವತ್ತು ಲಾಸ್ ಗ್ಯಾಟೋಸಿನಲ್ಲಿ ಮಗುವಿನ ನಾಮಕರಣ ಮಾಡಿಸುತ್ತಿದ್ದ ಒಬ್ಬರು ಕೂಡ ಅಲ್ಲಿದ್ದೆ ಎಂದು ಆಣೆಯಿಟ್ಟರು. ರಮೇಶನಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾನು ಮೈದಾನದಲ್ಲೇ ಇದ್ದೆ ಎಂದು ಕೆಲವರಿಗೂ, ಸೋಫಾದಲ್ಲಿದ್ದೆ ಎಂದು ಇನ್ನು ಕೆಲವರಿಗೂ ಹೇಳುತ್ತಿದ್ದ. ಓಟಗಾರ ಜಾರದೆ ಬಂದದ್ದು, ಚೆಂಡು ತಲೆಯ ಮೇಲೆ ಹೋದದ್ದು, ಎಲ್ಲ ಮಸುಕಾಗುತ್ತ ಬಂತು. ಅಮ್ಮ ಎದ್ದದ್ದು ಮಾತ್ರ ಬೆಳೆಯುತ್ತ ಹೋಯಿತು. ಮೊದಲು ಸುಮ್ಮನೆ ಎದ್ದಿದ್ದರು. ಆಮೇಲೆ ಎದ್ದು ಸೀನಿದರು. ಮುಂದಿನ ಯುಗಾದಿಯ ಹೊತ್ತಿಗೆ ಟೀವಿಗೆ ಅಡ್ಡ ಬಂದಿದ್ದರು. ಕೊನೆಗೆ ಭಟ್ಟರು ಒಂದು ಸಲ, ಆಕೆ ಧಾರಾವಾಹಿಯ ಚಟದಿಂದ ಚಾನೆಲ್ಲನ್ನೇ ಬದಲಾಯಿಸಿದರು ಎಂದದ್ದನ್ನೂ ಕೇಳಿದೆ. ನಾನು ಪಕ್ಕದಲ್ಲಿ ನಿಂತು ಹಪ್ಪಳ ತಿನ್ನುತ್ತಿದ್ದೆ.

ಮರುವರ್ಷದ ಪಂದ್ಯಗಳ ಹೊತ್ತಿಗೆ ಅಮ್ಮ ಊರಿಗೆ ಹೋಗಿದ್ದರು. ಅದರಿಂದ ನಾಗರಾಜ ಎದೆಗುಂದಲಿಲ್ಲ. ಇಲ್ಲಿ ಸಂಜೆ ಆಟ ಶುರುವಾದರೆ ಅಲ್ಲಿ ಬೆಳಿಗ್ಗೆ. ಮಂಡ್ಯಕ್ಕೆ ಫೋನು ಮಾಡಿ, "ಅಮ್ಮಾ, ಇನ್ನ ಮೂರ್ ಗಂಟೆ ಮಲ್ಗಿರು" ಎನ್ನುತ್ತಿದ್ದ. ಊರಿಗೆಲ್ಲ ಮುಂಚೆ ಎದ್ದು ಕೊಟ್ಟಿಗೆ ನೋಡುವ ಹೆಂಗಸು ಹೊತ್ತೇರಿದರೂ ಮಲಗಿದ್ದನ್ನು ಕಂಡು ಅಕ್ಕಪಕ್ಕದವರು ಹಣ್ಣು ಹಿಡಿದು ನೋಡಲು ಬಂದರಂತೆ. ಆ ವರ್ಷವೂ ಓಕ್ಲೆಂಡು ಸೋತಿತು. ಹಣ್ಣು ತಂದವರು ಎಬ್ಬಿಸಿದ್ದೇ ಕಾರಣ ಎಂದು ಗೊತ್ತಾಯಿತು.

ಇದೆಲ್ಲ ನಗುವ ಮಾತು ಎಂದು ನೀವು ಹೇಳಬಹುದು. ನಾನೂ ನಗುತ್ತಿದ್ದೆ. ಆದರೆ ಪ್ರತಿ ಸಲ ಆ ಕಥೆ ಬಂದಾಗ ನನಗೆ ಅಮ್ಮ ಬಡಿಸಿದ ಊಟ ನೆನಪಾಗುತ್ತಿತ್ತು. ನನಗೆ ಕೆಲಸ ಹೋಗಿದ್ದ ಮೂರು ತಿಂಗಳೂ ಕೇಳದೆ ಎರಡನೆಯ ಮುದ್ದೆ ಬಡಿಸಿದ ಹೆಂಗಸು ಅದು. ನನ್ನ ತಪ್ಪಿಗೆ ಆಕೆ ಊರವರ ಬಾಯಲ್ಲಿ ಅಪಶಕುನವಾಗಿ ಕೂತಿದ್ದರು. ಎರಡು ವರ್ಷ ಕಳೆದು ಅವರು ಮತ್ತೆ ಬರುವ ಹೊತ್ತಿಗೆ ನನಗೆ ಬೇರೆ ಕೆಲಸ ಸಿಕ್ಕಿತ್ತು, ಮದುವೆ ಗೊತ್ತಾಗಿತ್ತು. ಇನ್ನು ಹೆದರುವುದಕ್ಕೆ ನೆಪ ಉಳಿದಿರಲಿಲ್ಲ.

ಅದೂ ಪಂದ್ಯದ ದಿನವೇ. ಹಾಲಿನಲ್ಲಿ ಮೂವರೂ ಟೀವಿ ಮುಂದೆ ಕೂತಿದ್ದರು. ಅಮ್ಮ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು, ಒಂದು ಕಟ್ಟು ಎಳೆದುಕೊಂಡು, "ಅಮ್ಮ, ಅವತ್ತು ಕಾಫಿ ಕೇಳಿದ್ದು ನಾನು. ಅಪವಾದ ನಿಮ್ಮ ಮೇಲೆ ಬರೋಕೆ ಬಿಟ್ಬಿಟ್ಟೆ. ತಪ್ಪಾಯ್ತು" ಅಂದೆ. ಎರಡು ವರ್ಷ ಕಟ್ಟಿಕೊಂಡಿದ್ದ ಮಾತು ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು.

"ಗೊತ್ತಲ್ಲಪ್ಪ" ಅಂದರು ಆಕೆ, ಸೊಪ್ಪಿನಿಂದ ಕಣ್ಣೆತ್ತದೆ. "ಪಾಪ, ಕೇಳ್ದೋನ್ಗೆ ಕಾಫಿನೇ ಸಿಗ್ನಿಲ್ಲ ಅಂತ ನಂಗ್ ಬ್ಯಾಸ್ರ ಆಗಿತ್ತು."

"ನಿದ್ದೆ ಬೇರೆ ಕೆಡಿಸಿದೆ."

"ಎಂತ ನಿದ್ದೆನಪ್ಪ. ನೀವ್ ನಾಕ್ ಜನ ಹಂಗ್ ಬಡ್ಕೊತಿದ್ರೆ ಯಾರ್ಗ್ ನಿದ್ದೆ ಬತ್ತದೆ? ಮೊದಲ್ನೇ ದಿನ ಕಣ್ ಬಿಟ್ಟಿದ್ರೆ ಬೋಂಡ ಕರಿ ಅಂತಿದ್ರಿ, ಅದ್ಕೆ ಮುಚ್ಕೊಂಡಿದ್ದೆ. ಎಲ್ಡನೇ ದಿನಾನೂ ಅಷ್ಟೇಯ. ಮೂರ್ನೇ ದಿನ ನೀವೇ ಮುಚ್ಕೊ ಅಂದ್ರಿ."

ಭಟ್ಟರ ಎರಡು ಬಿಂದುಗಳೂ ಗೆರೆಯ ಸಮೇತ ಮೆಂತ್ಯದ ಕಡ್ಡಿಗಳ ಜೊತೆ ಕಸದ ಬುಟ್ಟಿಗೆ ಬಿದ್ದವು. ನಾನು ಖುಷಿಯಿಂದ ಎದ್ದೆ. ಈಗಲೇ ಹೋಗಿ ಎಲ್ಲರಿಗೂ ಹೇಳುತ್ತೇನೆ, ಇವತ್ತಿಗೆ ಈ ಕಥೆ ಮುಗಿಯಲಿ ಎಂದೆ. ಆಕೆ ನನ್ನ ಕೈ ಹಿಡಿದು ಕೂರಿಸಿದರು.

"ಹೇಳ್ಬ್ಯಾಡ."

"ಯಾಕಮ್ಮ?"

"ನೋಡಪ್ಪ, ಊರ್ನಲ್ಲಿ ನಾನು ಹಾಲಿನ್ ಸೊಸೈಟಿಗೆ ಪ್ರೆಸಿಡೆಂಟು. ನಾನ್ ರುಜು ಹಾಕ್ದಿದ್ರೆ ಕ್ಯಾನ್ ಮ್ಯಾಲೇಳಾಕಿಲ್ಲ. ಇಲ್ಲಿ ಬಾಗ್ಲು ತಗದ್ರೆ ಅದ್ಯಾವ್ದೋ ಅಲಾರಮ್ಮು ಬಡ್ಕೊತದೆ. ಫೋನ್ ಎತ್ತಿದ್ರೆ ಭಾಷೆ ಬರಾಕಿಲ್ಲ. ಸೊಪ್ಪು ತರ್ಬೇಕು ಅಂದ್ರೂ ಸೊಸೆ ಕಾರಿಗ್ ಕಾಯ್ಬೇಕು. ಮೊಮ್ಮಗ್ಳು ನಾನ್ ಏನಂದ್ರೂ ಓಕೆ ಅಜ್ಜಿ ಅಂದು ಎದ್ ಹೋಯ್ತಾಳೆ. ಈ ದೇಸ್ದಲ್ಲಿ ನಾನ್ ಕೂತ್ರೆ ಒಂದು, ಎದ್ರೆ ಒಂದು ಆಯ್ತದೆ ಅಂತ ನಂಬಿರೋರು ನೀವ್ ನಾಕೇ ಜನ." ಇನ್ನೊಂದು ಕಟ್ಟು ಸೊಪ್ಪು ಎಳೆದುಕೊಂಡು ಸೇರಿಸಿದರು, "ಅದ್ನೂ ಕಿತ್ಕೊಬ್ಯಾಡ."

ಎರಡು ವರ್ಷ ನಾನು ಹೊತ್ತು ತಿರುಗಿದ್ದ ಪಾಪಪ್ರಜ್ಞೆ ಎಷ್ಟು ಅಹಂಕಾರದ್ದು ಎಂದು ನಾಚಿಕೆಯಾಯಿತು. ನಾನು ಆಕೆಯಿಂದ ಏನೋ ಕಸಿದೆ ಎಂದುಕೊಂಡಿದ್ದೆ. ಕಸಿಯಲು ಹೊರಟದ್ದು ಆ ಕ್ಷಣದಲ್ಲಿ, ಸತ್ಯ ಹೇಳುತ್ತೇನೆಂಬ ಹುಮ್ಮಸ್ಸಿನಲ್ಲಿ.

ಅಷ್ಟರಲ್ಲಿ ಹಾಲಿನಿಂದ ನಾಗರಾಜ ಕೂಗಿದ. ಕೊನೆಯ ಇನ್ನಿಂಗ್ಸು, ಓಕ್ಲೆಂಡು ಒಂದು ರನ್ನು ಹಿಂದಿತ್ತು. "ಅಮ್ಮಾ, ಬೇಗ ಬಾ, ಬಂದು ಮಲಕ್ಕೊ."

ಚಿಕ್ಕತಾಯಮ್ಮ ಅವಸರಪಡಲಿಲ್ಲ. ಕೈ ತೊಳೆದರು, ಒರೆಸಿಕೊಂಡರು, ಸೆರಗು ಸರಿಮಾಡಿಕೊಂಡು ಹಾಲಿಗೆ ನಡೆದರು. ಭಟ್ಟರು ಎದ್ದು ದಾರಿ ಬಿಟ್ಟರು. ರಮೇಶ ಕುರ್ಚಿ ಒರಗಿಸಿದ. ನಾಗರಾಜ ಶಾಲು ಹೊದಿಸಿದ. ಆಕೆ ಕೂತು, ಸುತ್ತಲೂ ಒಮ್ಮೆ ನೋಡಿ, ಕಡತಕ್ಕೆ ರುಜು ಹಾಕುವ ಮುಂಚೆ ವಿಚಾರಿಸುವವರ ದನಿಯಲ್ಲಿ ಕೇಳಿದರು:

"ಇವತ್ತು ಯಾರು ಗೆಲ್ಬೇಕಪ್ಪ?"

ಓಕ್ಲೆಂಡು ಎಂದು ನಾಲ್ವರೂ ಒಟ್ಟಿಗೆ ಹೇಳಿದೆವು. ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು.